ಅಡಿಕೆಗೆ ಎರಡು ಬೀಗ, ಕಾರಿನ ಕೀಗೆ ಒಂದು ಕೊಕ್ಕೆ: ತೀರ್ಥಹಳ್ಳಿ ಕಡೆಯ ಒಂದು ಕಳ್ಳತನದ ಪ್ರಕರಣ

ಕಾರು ಕಳುವಾದ ರಾತ್ರಿ ಆ ಮನೆಯಲ್ಲಿ ಕಾವಲು ಇರಲಿಲ್ಲ ಅಂತಲ್ಲ. ಅಡಿಕೆ ಗೊನೆಯ ಕೊಯ್ಲು ನಡೆಯುತ್ತಿತ್ತು. ಬೇಯಿಸಿದ ಅಡಿಕೆ ಅಂಗಳದ ಅಟ್ಟದ ಮೇಲೆ ಹರಡಿತ್ತು. ಅದಕ್ಕೆ ಸಿಸಿಟಿವಿ ಕ್ಯಾಮೆರಾ ಇತ್ತು, ರಾತ್ರಿಯಿಡೀ ಲೈಟು ಉರಿಯುತ್ತಿತ್ತು. ಒಣಗಿದ್ದನ್ನು ಚೀಲಕ್ಕೆ ತುಂಬಿ ಕಾರಿನ ಶೆಡ್ಡಿನಲ್ಲಿ ಪೇರಿಸಿ, ಶಟರ್ ಎಳೆದು, ಎರಡು ಬೀಗ ಜಡಿದಿದ್ದರು. ಶೆಡ್ಡಿನಲ್ಲಿ ಇರಬೇಕಾದ ಕಾರು ಮಾತ್ರ ಉಣುಗೋಲಿನ (ಅಡ್ಡಗೋಲು ಸರಿಸುವ ಗೇಟಿನ) ಹೊರಗೆ, ಮಣ್ಣು ರಸ್ತೆಯ ಪಕ್ಕ ನಿಂತಿತ್ತು.

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಟಾರು ರಸ್ತೆ ಬಿಟ್ಟು ಸ್ವಲ್ಪ ಒಳಗಿರುವ ತೋಟದ ಮನೆ ಅದು. ವಿಮೆ ಕ್ಲೇಮಿನ ಕಾಗದಪತ್ರ ಮಾಡಿಕೊಡುವುದು ನನ್ನ ಕೆಲಸ, ಹಾಗಾಗಿ ಈ ಪ್ರಕರಣ ಮೊದಲ ದಿನವೇ ನನ್ನ ಕೈಗೆ ಬಂತು. ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬಿಟ್ಟು ಬರೆಯುತ್ತಿದ್ದೇನೆ. ಕಾರು ಕಳ್ಳತನ ಅಂದರೆ ಗಾಜು ಒಡೆದು, ವೈರು ಜೋಡಿಸಿ ಓಡಿಸಿಕೊಂಡು ಹೋಗುವುದು ಎಂದು ಬಹಳ ಜನ ಇನ್ನೂ ನಂಬಿದ್ದಾರೆ. ಇಲ್ಲಿ ಅಂಥದ್ದೇನೂ ಆಗಲಿಲ್ಲ. ಕಳ್ಳ ಮೊದಲು ಕದ್ದದ್ದು ಕೀ. ಮುಂದೆ ವಿಮೆ ಕಂಪನಿಯ ಜೊತೆ ನಡೆದ ಹಗ್ಗಜಗ್ಗಾಟವೂ ಆ ಕೀ ಸುತ್ತಲೇ.

ಆ ರಾತ್ರಿ ಏನಾಯಿತು

ಅಡಿಕೆ ಸುಲಿಯುವವರು ಮನೆಗೆ ಹೋದಾಗ ಹನ್ನೊಂದು ಗಂಟೆ ದಾಟಿತ್ತು. ಆಮೇಲೆ ಯಜಮಾನರು ಮುಂಬಾಗಿಲು ಹಾಕಿ ಮಲಗಿದರು. ನಾಯಿ ಒಂದೆರಡು ಸಲ ಬೊಗಳಿದ್ದು ಕೇಳಿಸಿದೆ. ಆದರೆ ಆ ಕಡೆ ಚಿರತೆ ಕಾಟ ಇರುವುದರಿಂದ ನಾಯಿಯನ್ನು ರಾತ್ರಿ ಕೊಟ್ಟಿಗೆ ಒಳಗೆ ಕೂಡುತ್ತಾರೆ. ತೋಟಕ್ಕೆ ಹಂದಿ ಬಂದಿರಬೇಕು ಅಂದುಕೊಂಡು ಯಾರೂ ಏಳಲಿಲ್ಲ. ಏಳದಿದ್ದದ್ದು ತಪ್ಪು ಅಂತ ನಾನು ಹೇಳಲಾರೆ. ನಾಯಿ ಬೊಗಳಿದಾಗಲೆಲ್ಲ ಎದ್ದರೆ ಮಲೆನಾಡಿನಲ್ಲಿ ನಿದ್ದೆ ಮಾಡುವುದು ಯಾವಾಗ?

ಬೆಳಿಗ್ಗೆ ಮನೆಯಾಕೆ ಪೂಜೆಗೆ ದಾಸವಾಳ ಕೊಯ್ಯಲು ಹೊರಟರು. ಹೂ ಕೊಯ್ಯುವ ಕೊಕ್ಕೆ ಕೋಲು ಜಾಗದಲ್ಲಿ ಇರಲಿಲ್ಲ. ಹುಡುಕಿದರೆ ಜಗಲಿ ಕಿಟಕಿಯ ಕೆಳಗೆ ಬಿದ್ದಿತ್ತು. ಕಿಟಕಿ ಬಾಗಿಲು ತೆರೆದೇ ಇತ್ತು. ಬೇಯಿಸಿದ ಅಡಿಕೆಯ ಚೊಗರು ವಾಸನೆ ಮನೆಯೆಲ್ಲ ತುಂಬುತ್ತದೆ ಅಂತ ಆ ದಿನಗಳಲ್ಲಿ ಕಿಟಕಿ ಹಾಕುತ್ತಿರಲಿಲ್ಲವಂತೆ. ಒಳಗೆ, ಕಿಟಕಿಯಿಂದ ಒಂದು ಮಾರು ದೂರದ ಗೋಡೆಯಲ್ಲಿ, ಗೃಹಪ್ರವೇಶಕ್ಕೆ ಯಾರೋ ಉಡುಗೊರೆ ಕೊಟ್ಟ ಕೀ ಸ್ಟ್ಯಾಂಡು. ಮನೆ ಆಕಾರದ ಮರದ ಹಲಗೆ, ಅದರಲ್ಲಿ ಸಾಲಾಗಿ ಹಿತ್ತಾಳೆ ಕೊಕ್ಕೆ. ಯಜಮಾನರು ಶಿಸ್ತಿನ ಮನುಷ್ಯ. ಪ್ರತಿ ಕೊಕ್ಕೆಯ ಮೇಲೂ ಸಣ್ಣ ಚೀಟಿ ಅಂಟಿಸಿದ್ದರು: ‘ಪಂಪ್‌ಹೌಸ್’, ‘ಟಿಲ್ಲರ್’, ‘ಬೈಕ್’, ‘ಕಾರು’. ಪಂಪ್‌ಹೌಸ್ ಕೀ ನೆಲದ ಮೇಲೆ ಬಿದ್ದಿತ್ತು. ಪಕ್ಕದ ಕ್ಯಾಲೆಂಡರ್ ಓರೆಯಾಗಿತ್ತು. ‘ಕಾರು’ ಚೀಟಿಯ ಕೆಳಗಿನ ಕೊಕ್ಕೆ ಖಾಲಿ.

ಕಿಟಕಿಗೆ ಗಟ್ಟಿ ಕಬ್ಬಿಣದ ಸರಳು ಇದ್ದವು. ಮನುಷ್ಯ ನುಸುಳಲು ಸಾಧ್ಯವೇ ಇಲ್ಲ. ಕೋಲು ನುಸುಳಲು ಎಷ್ಟು ಜಾಗ ಬೇಕು?

ಕ್ಯಾಮೆರಾದಲ್ಲಿ ಸಿಕ್ಕಿದ್ದು ಅಟ್ಟದ ಮೇಲಿನ ಅಡಿಕೆ, ಮತ್ತು ಎರಡೂವರೆ ಸುಮಾರಿಗೆ ಚೌಕಟ್ಟಿನ ಅಂಚಿನಲ್ಲಿ ಹಾದುಹೋದ ಒಂದು ಬೆಳಕು. ಅಷ್ಟೇ. ಜಗಲಿ ಕಡೆಗೂ ರಸ್ತೆ ಕಡೆಗೂ ಕ್ಯಾಮೆರಾ ತಿರುಗಿರಲಿಲ್ಲ.

ಕೀ ಇಲ್ಲದಿದ್ದರೆ ಏನಾಗುತ್ತಿತ್ತು

ಇದು ಐದು ವರ್ಷ ತುಂಬುತ್ತಿದ್ದ ಸಾಧಾರಣ ಹ್ಯಾಚ್‌ಬ್ಯಾಕ್. ರಿಮೋಟ್ ಇರುವ, ತಿರುಗಿಸಿ ಸ್ಟಾರ್ಟ್ ಮಾಡುವ ಕೀ. ಇಂಥ ಕೀಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಚಿಪ್ ಇರುತ್ತದೆ. ಇದಕ್ಕೆ ಬ್ಯಾಟರಿ ಬೇಕಿಲ್ಲ. ಕೀ ತೂರಿಸಿದಾಗ ಅದರ ಸುತ್ತಲಿನ ಕಾಯಿಲ್ ಈ ಚಿಪ್‌ಗೆ ಕರೆಂಟು ಕೊಡುತ್ತದೆ, ಚಿಪ್ ತನ್ನ ಗುರುತು ಹೇಳುತ್ತದೆ. ಗುರುತು ಸರಿಹೋದರೆ ಮಾತ್ರ ಎಂಜಿನ್ ಹತ್ತುತ್ತದೆ. ಇದೇ ಇಮೊಬಿಲೈಸರ್. ಪೇಟೆಯ ಕೀ ಅಂಗಡಿಯಲ್ಲಿ ಬರೀ ಲೋಹ ಕೊರೆಸಿ ಮಾಡಿಸಿದ ಕೀ ಬಾಗಿಲು ತೆಗೆಯಬಹುದು, ಎಂಜಿನ್ ಹತ್ತಿಸಲಾರದು. ರಿಮೋಟ್ ಗುಂಡಿ ಒತ್ತಿದಾಗ ಹೋಗುವ ಸಂಕೇತವೂ ಪ್ರತಿ ಸಲ ಬದಲಾಗುತ್ತದೆ. ಹಿಂದಿನದನ್ನು ಯಾರೋ ಹಿಡಿದಿಟ್ಟುಕೊಂಡರೂ ಉಪಯೋಗವಿಲ್ಲ.

ಹೀಗಾಗಿ ಕಳ್ಳನಿಗೆ ಉಳಿಯುವುದು ಮೂರ್ನಾಲ್ಕು ದಾರಿ. ಸ್ಟೇರಿಂಗ್ ಕೆಳಗೆ, ಗ್ಯಾರೇಜಿನವರು ಕಾರಿನ ದೋಷ ಓದಲು ಬಳಸುವ ಓಬಿಡಿ ಸಾಕೆಟ್‌ಗೆ ಉಪಕರಣ ಚುಚ್ಚಿ ಹೊಸ ಕೀಯನ್ನು ಕಾರಿಗೆ ಪರಿಚಯಿಸುವುದು ಒಂದು. ಟೋಯಿಂಗ್ ಗಾಡಿ ತಂದು ಎತ್ತಿಕೊಂಡು ಹೋಗುವುದು ಇನ್ನೊಂದು. ಬಟನ್ ಸ್ಟಾರ್ಟ್ ಕಾರಾದರೆ ಕೀಯ ಸಂಕೇತವನ್ನೇ ದೂರಕ್ಕೆ ದಾಟಿಸುವುದು; ಅದರ ಕಥೆ ಮುಂದೆ ಬರುತ್ತದೆ. ಇವಕ್ಕೆಲ್ಲ ಸಾಮಾನು ಬೇಕು, ಕೆಲಸ ಗೊತ್ತಿರಬೇಕು. ಅಸಲಿ ಕೀ ಸಿಕ್ಕರೆ ಏನೂ ಬೇಡ. ಕಾರು ತನ್ನ ಯಜಮಾನನೇ ಬಂದ ಅಂದುಕೊಳ್ಳುತ್ತದೆ.

ಕೀ ಎಲ್ಲಿ ತೂಗುತ್ತದೆ ಅಂತ ಕಳ್ಳನಿಗೆ ಹೇಗೆ ಗೊತ್ತು? ಮನೆಯವರು ಮೊದಲು ಬೆರಳು ತೋರಿಸಿದ್ದು ಅಡಿಕೆ ಸುಲಿಯಲು ಬಂದವರ ಕಡೆಗೆ. ನನಗೆ ಇದು ಸರಿಕಾಣಲಿಲ್ಲ. ಆ ಜಗಲಿಗೆ ಕೊಯ್ಲಿನ ಕಾಲದಲ್ಲಿ ಬರದವರು ಯಾರು? ಗೊನೆ ಇಳಿಸುವ ಕೊನೆಗಾರರು, ತೋಟದ ಫಸಲು ಗುತ್ತಿಗೆ ಹಿಡಿಯುವ ಚೇಣಿಯವರು, ಅಡಿಕೆ ವ್ಯಾಪಾರಿ, ಕೊರಿಯರ್ ಹುಡುಗ, ಗ್ಯಾಸ್ ಸಿಲಿಂಡರ್ ತರುವವನು, ವಿಳಾಸ ಕೇಳಿಕೊಂಡು ಬಂದವರು. ಎಲ್ಲರೂ ಜಗಲಿಯಲ್ಲಿ ಕೂತು ನೀರು ಕುಡಿದು ಹೋದವರೇ, ಎಲ್ಲರ ಕಣ್ಣಿಗೂ ಆ ಚೀಟಿ ಬಿದ್ದಿರುತ್ತದೆ. ಹತ್ತಾರು ವರ್ಷದಿಂದ ಮನೆಗೆ ಬರುತ್ತಿರುವ ಹೆಂಗಸರ ಮೇಲೆ ಆಧಾರವಿಲ್ಲದೆ ಅನುಮಾನ ಬರೆಸಬೇಡಿ ಎಂದೆ. ದೂರಿನಲ್ಲಿ ಅವರ ಹೆಸರು ಬರಲಿಲ್ಲ. ಅದೊಂದು ಒಳ್ಳೆಯದಾಯಿತು.

ದೂರಿನಲ್ಲಿ ಬಿಟ್ಟುಹೋದ ಸಾಲು

ಬೆಳಿಗ್ಗೆ ಕಾರು ಇಲ್ಲ ಅಂತ ಗೊತ್ತಾದ ಮೇಲೆ ಸುಮಾರು ಮೂರು ಗಂಟೆ ಸುಮ್ನೆ ಹಾಳಾಯಿತು. ಮಗನ ಗೆಳೆಯರು ತಗೊಂಡು ಹೋಗಿರಬಹುದಾ, ಇಳಿಜಾರಿನಲ್ಲಿ ಜಾರಿ ಗದ್ದೆಗೆ ಬಿದ್ದಿರಬಹುದಾ ಅಂತ ಹುಡುಕಾಟ. ಆ ಜಾಗದಿಂದ ಒಂದು ಕಡೆ ಆಗುಂಬೆ ಘಾಟಿ ಇಳಿದರೆ ಉಡುಪಿ ಜಿಲ್ಲೆ, ಇನ್ನೊಂದು ಕಡೆ ಕೊಪ್ಪ, ಶೃಂಗೇರಿ, ಮತ್ತೊಂದು ಕಡೆ ಶಿವಮೊಗ್ಗ. ಮೂರು ಗಂಟೆಯಲ್ಲಿ ಕಾರು ಯಾವ ಜಿಲ್ಲೆಯಲ್ಲಾದರೂ ಇರಬಹುದು. ಖಾಲಿ ಕೊಕ್ಕೆ ನೋಡಿದ ತಕ್ಷಣ 112ಕ್ಕೆ ಫೋನ್ ಮಾಡಿ ನಂಬರ್, ಬಣ್ಣ, ಮಾಡೆಲ್ ಹೇಳಿದ್ದರೆ ಚೆಕ್‌ಪೋಸ್ಟ್‌ಗಳಿಗಾದರೂ ಸುದ್ದಿ ಮುಟ್ಟುತ್ತಿತ್ತು.

ಆಮೇಲೆ ಬಂದದ್ದು ಭಾವಮೈದುನ. ಇವರಿಗೆ ಕೋರ್ಟು ಕಚೇರಿ ಸ್ವಲ್ಪ ಪರಿಚಯ. ದೂರು ಬರೆದವರೂ ಇವರೇ. “ಭಾವ, ಕೀ ವಿಷಯ ಬರೆಯೋದು ಬೇಡ. ಕೀ ಹೋಗಿದೆ ಅಂದ್ರೆ ನೀವೇ ನಿರ್ಲಕ್ಷ್ಯ ಮಾಡಿದ್ದು ಅಂತಾರೆ, ಇನ್ಶೂರೆನ್ಸ್‌ನವರು ಒಂದು ರೂಪಾಯಿ ಕೊಡಲ್ಲ” ಅಂದರು. ಯಜಮಾನರು “ಹಂಗಾರೆ ಹಂಗೇ ಬರಿ ಮಾರಾಯ” ಅಂದರು. ದೂರಿನಲ್ಲಿ ಬಂದದ್ದು ‘ಮನೆಯ ಮುಂದೆ ಲಾಕ್ ಮಾಡಿ ನಿಲ್ಲಿಸಿದ್ದ ಕಾರನ್ನು ಯಾರೋ ಕಳ್ಳರು ಕಳವು ಮಾಡಿದ್ದಾರೆ’ ಎಂಬ ಸಾಲು ಮಾತ್ರ. ಕೊಕ್ಕೆ ಕೋಲಿನ ಸುದ್ದಿಯೇ ಇಲ್ಲ.

ಮಧ್ಯಾಹ್ನ ದೂರಿನ ಪ್ರತಿ ಹಿಡಿದು ನನ್ನ ಹತ್ತಿರ ಬಂದರು. ನಾನು ಕೇಳಿದ ಮೊದಲ ಪ್ರಶ್ನೆ, “ಎರಡೂ ಕೀ ಎಲ್ಲಿವೆ?” ಕಾರು ಕಳುವಾದಾಗ ವಿಮೆ ಕಂಪನಿ ಮೊದಲು ಕೇಳುವುದು ಇದನ್ನೇ. ಕಾರಿನ ಜೊತೆ ಬಂದ ಎರಡೂ ಅಸಲಿ ಕೀ ಒಪ್ಪಿಸಬೇಕು. ಒಂದೇ ಇದ್ದರೆ ಇನ್ನೊಂದು ಎಲ್ಲಿ ಹೋಯಿತು ಅನ್ನುವುದಕ್ಕೆ ದಾಖಲೆ ಬೇಕು. ದೂರಿನಲ್ಲಿ ಕೀ ಹೋದದ್ದೇ ಇಲ್ಲ ಅಂದರೆ ಎರಡು ಕೀ ಎಲ್ಲಿಂದ ತರುವುದು? ಇದಕ್ಕೂ ಭಾವಮೈದುನರ ಹತ್ತಿರ ಉತ್ತರ ಇತ್ತು: ಒಂದು ಡೂಪ್ಲಿಕೇಟ್ ಮಾಡಿಸಿ ಕೊಟ್ಟರಾಯಿತು.

ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗೇ ಬೇಡ ಅಂದೆ. ಕಂಪನಿಯ ತನಿಖೆಗಾರರು ಕೀ ಕೈಗೆ ತಗೊಂಡು ತಿರುಗಿಸಿ ನೋಡುತ್ತಾರೆ. ಐದು ವರ್ಷ ದಿನಾ ಬಳಸಿದ ಕೀಯ ಅಂಚು ಸವೆದಿರುತ್ತದೆ, ಲಾಕ್ ಗುಂಡಿಯ ರಬ್ಬರ್ ಮೇಲಿನ ಚಿತ್ರ ಮಾಸಿರುತ್ತದೆ. ನಿನ್ನೆ ಮಾಡಿಸಿದ ಕೀ ಎಲ್ಲಿ ಮುಚ್ಚಿಟ್ಟರೂ ಹೊಳೆಯುತ್ತದೆ. ಸುಳ್ಳು ಸಿಕ್ಕಿಬಿದ್ದರೆ ಅದು ನಿರ್ಲಕ್ಷ್ಯದ ಮಾತಲ್ಲ, ವಂಚನೆ. ಇಡೀ ಕ್ಲೇಮು ಹೋಗುತ್ತದೆ. ನಿಜ ಹೇಳಿದರೆ ಹೆಚ್ಚೆಂದರೆ ವಾದ ಮಾಡಬೇಕಾಗುತ್ತದೆ.

ಸಂಜೆಯೊಳಗೆ ಠಾಣೆಗೆ ಹೋಗಿ ಹೆಚ್ಚುವರಿ ಹೇಳಿಕೆ ಕೊಟ್ಟರು. ಬಾಗಿಲು ಹಾಕಿದ ಮನೆಯ ಒಳಗೆ ಕೀ ಇದ್ದದ್ದು, ಕಿಟಕಿಯಿಂದ ಕೋಲು ತೂರಿಸಿ ಅದನ್ನು ತೆಗೆದದ್ದು, ಎರಡನೇ ಕೀ ಬೆಂಗಳೂರಿನಲ್ಲಿರುವ ಮಗನ ಬಳಿ ಇರುವುದು, ಎಲ್ಲವನ್ನೂ ಬರೆಸಿದರು. ಪೊಲೀಸರು ಬಂದು ಕೋಲು, ಕಿಟಕಿ, ಸ್ಟ್ಯಾಂಡು ನೋಡಿ ಮಹಜರು ಮಾಡಿದರು. ಅದೃಷ್ಟಕ್ಕೆ ಕೋಲನ್ನು ಅಷ್ಟು ಹೊತ್ತಿಗೆ ಯಾರೂ ಹೂ ಕೊಯ್ಯಲು ತಗೊಂಡು ಹೋಗಿರಲಿಲ್ಲ.

ಕಾನೂನಿನ ಲೆಕ್ಕದಲ್ಲೂ ಈ ವಿವರಕ್ಕೆ ಬೆಲೆ ಇದೆ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 303ನೇ ಸೆಕ್ಷನ್ನಿನಲ್ಲಿ ಸಾಮಾನ್ಯ ಕಳ್ಳತನಕ್ಕೆ 3 ವರ್ಷದವರೆಗೆ ಶಿಕ್ಷೆ. ವಾಸದ ಮನೆಯೊಳಗಿನ ಕಳ್ಳತನ 305ನೇ ಸೆಕ್ಷನ್ನಿಗೆ ಬರುತ್ತದೆ, ಶಿಕ್ಷೆ 7 ವರ್ಷದವರೆಗೆ ಇರಬಹುದು. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತವಾಗಿ ಸಿಗಬೇಕು. ಹೊರ ಊರಿನಲ್ಲಿ ಕಾರು ಕಳೆದುಕೊಂಡವರು ಹತ್ತಿರದ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ‘ನಮ್ಮ ಸರಹದ್ದಲ್ಲ’ ಎಂದು ವಾಪಸ್ ಕಳಿಸುವಂತಿಲ್ಲ.

ಫಾಸ್ಟ್ಯಾಗ್ ಬಗ್ಗೆ ಒಂದು ಮಾತು. ಮಗ ತಕ್ಷಣ ಅದನ್ನು ಬ್ಲಾಕ್ ಮಾಡಲು ಹೊರಟಿದ್ದ. ನಾನು ತಡೆದೆ. ಅದರಲ್ಲಿದ್ದ ಒಂದಿಷ್ಟು ನೂರು ರೂಪಾಯಿಗಿಂತ, ಯಾವ ಟೋಲ್ ದಾಟಿತು ಅನ್ನುವ ಮೆಸೇಜಿಗೆ ಬೆಲೆ ಜಾಸ್ತಿ. ಪೊಲೀಸರಿಗೂ ಟ್ಯಾಗ್ ವಿವರ ಕೊಟ್ಟೆವು. ಮೆಸೇಜು ಬರಲೇ ಇಲ್ಲ. ಗಾಜಿನಿಂದ ಸ್ಟಿಕ್ಕರ್ ಕಿತ್ತೆಸೆಯಲು ಎಷ್ಟು ಹೊತ್ತು ಬೇಕು ಹೇಳಿ.

ವಿಮೆಯ ಜೊತೆ ಹಗ್ಗಜಗ್ಗಾಟ

ಮೊದಲು ಸಮಾಧಾನದ ಸಂಗತಿ. ಪಾಲಿಸಿ ಪೂರ್ಣ ವಿಮೆಯದ್ದಾಗಿತ್ತು. ಬರೀ ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಮಾತ್ರ ಕೊಡುವ ವಿಮೆ ಆಗಿದ್ದರೆ ಕಳ್ಳತನಕ್ಕೆ ಏನೂ ಸಿಗುತ್ತಿರಲಿಲ್ಲ. ಹಳ್ಳಿ ಕಡೆ ಹಳೇ ಕಾರಿಗೆ ಥರ್ಡ್ ಪಾರ್ಟಿ ಸಾಕು ಅಂತ ಮಾಡಿಸಿಕೊಂಡು, ಕಾರು ಹೋದ ಮೇಲೆ ‘ಇನ್ಶೂರೆನ್ಸ್ ಇದೆಯಲ್ಲ’ ಎಂದು ಬರುವವರು ಬಹಳ.

ಆಮೇಲೆ ಕಾಗದದ ಗೋಳು. ಆರ್‌ಸಿ, ವಿಮೆ ಪತ್ರ ಎಲ್ಲವೂ ಕಾರಿನ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲೇ ಇದ್ದವು, ಅಂದರೆ ಕಳ್ಳನ ಹತ್ತಿರ. ಡಿಜಿಲಾಕರ್‌ನಲ್ಲಿ ಆರ್‌ಸಿ ಇದ್ದದ್ದು ಉಳಿಸಿತು. ಕಾರಿನ ಸಾಲ ತೀರಿ ವರ್ಷಗಳಾಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಕೂತಿತ್ತು. ಅದನ್ನು ತೆಗೆಸಲು ಬ್ಯಾಂಕಿನ ನಿರಾಕ್ಷೇಪಣಾ ಪತ್ರ, ಫಾರಂ 35. ಇದಕ್ಕೇ ಶಿವಮೊಗ್ಗಕ್ಕೆ ಎಷ್ಟು ಸಲ ಓಡಾಡಿದರೋ. ಸಾಲ ತೀರಿಸಿದ ದಿನವೇ ಈ ಕೆಲಸ ಮುಗಿಸಿಕೊಂಡರೆ ಎಷ್ಟು ಸುಲಭ! ಯಾರೂ ಮಾಡಲ್ಲ.

ಮಗನ ಕೀ ಬಂತು. ಹೊಸದರಂತೆ ಇತ್ತು, ಯಾಕೆಂದರೆ ದೀಪಾವಳಿಗೆ ಬಂದಾಗ ಬಿಟ್ಟರೆ ಬಳಕೆಯೇ ಇರಲಿಲ್ಲ. ತನಿಖೆಗಾರರು ಇದನ್ನೇ ಹಿಡಿದುಕೊಂಡು ಕೇಳಿದರು. ಕಾರು ಕೊಂಡಾಗ ಕೀ ಗೊಂಚಲಿಗೆ ಕಟ್ಟಿ ಕೊಡುವ ಸಣ್ಣ ಲೋಹದ ಬಿಲ್ಲೆಯಲ್ಲಿ ಕೀ ನಂಬರ್ ಇರುತ್ತದಲ್ಲ, ಅದು ಮನೆಯ ಬೀರುವಿನಲ್ಲಿ ಭದ್ರವಾಗಿತ್ತು. ಅದರ ಜೊತೆ ತಾಳೆ ನೋಡಿದ ಮೇಲೆ ಮಾತು ನಿಂತಿತು. ಆ ರಾತ್ರಿ ಮಗ ಬೆಂಗಳೂರಿನಲ್ಲಿ ನೈಟ್ ಶಿಫ್ಟ್‌ನಲ್ಲಿದ್ದ, ಅದಕ್ಕೂ ಆಫೀಸಿನ ಪತ್ರ ಕೊಟ್ಟ.

ಕೆಲವು ತಿಂಗಳ ನಂತರ ಪೊಲೀಸರು ಪತ್ತೆಯಾಗಿಲ್ಲ ಎಂದು ‘ಸಿ’ ರಿಪೋರ್ಟ್ ಹಾಕಿದರು. ಕಳ್ಳತನದ ಕ್ಲೇಮು ಮುಂದೆ ಹೋಗಬೇಕಾದರೆ ಇದು ಬೇಕೇ ಬೇಕು. ಆಮೇಲೆ ಕಂಪನಿಯ ಪತ್ರ ಬಂತು: ಕೀಯನ್ನು ಕೈಗೆಟುಕುವಂತೆ ಇಟ್ಟಿದ್ದೀರಿ, ಸೂಕ್ತ ಎಚ್ಚರಿಕೆ ವಹಿಸಬೇಕೆಂಬ ಷರತ್ತು ಮುರಿದಿದೆ, ಹಾಗಾಗಿ ಶೇಕಡಾ 75 ಮಾತ್ರ ಕೊಡುತ್ತೇವೆ.

ಈ 75ರ ಲೆಕ್ಕ ಗಾಳಿಯಿಂದ ಬಂದದ್ದಲ್ಲ. ಪಾಲಿಸಿಯ ಷರತ್ತು ಮುರಿದಿದ್ದರೂ ಇಡೀ ಕ್ಲೇಮು ತಳ್ಳಿಹಾಕದೆ 75ರವರೆಗೆ ಕೊಡುವ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2010ರಲ್ಲಿ ಎತ್ತಿಹಿಡಿದಿದೆ. 2023ರಲ್ಲಿ, ಚಾಲಕ ವಾಹನದಲ್ಲೇ ಕೀ ಬಿಟ್ಟು ಇಳಿದಿದ್ದ ಪ್ರಕರಣದಲ್ಲೂ 75 ಭಾಗ ಕೊಡಿಸಿದೆ. ನಾವು ಇದನ್ನೇ ತಿರುಗಿಸಿ ಬರೆದೆವು. ರಸ್ತೆಯಲ್ಲಿ ನಿಂತ ಗಾಡಿಯೊಳಗೇ ಕೀ ಬಿಟ್ಟವರಿಗೆ 75 ಸಿಗುತ್ತದೆ. ಬಾಗಿಲು ಹಾಕಿದ ಸ್ವಂತ ಮನೆಯೊಳಗೆ, ಸರಳು ಹಾಕಿದ ಕಿಟಕಿಯ ಹಿಂದೆ ಕೀ ಇಟ್ಟವರಿಗೂ 75 ಅಂದರೆ ಹೇಗೆ? ಮಹಜರಿನ ಪ್ರತಿ ಲಗತ್ತಿಸಿದೆವು. ಕಳ್ಳತನ ನಡೆದ ದಿನವೇ ಕೊಟ್ಟ ಹೆಚ್ಚುವರಿ ಹೇಳಿಕೆ ಇಲ್ಲಿ ಕೆಲಸಕ್ಕೆ ಬಂತು. ಅದೇ ಹೇಳಿಕೆಯನ್ನು ಎರಡು ತಿಂಗಳಾದ ಮೇಲೆ ಕೊಟ್ಟಿದ್ದರೆ ಕಥೆ ಕಟ್ಟಿದ್ದಾರೆ ಅನ್ನುತ್ತಿದ್ದರು. ಒಪ್ಪದಿದ್ದರೆ ವಿಮೆ ಕಂಪನಿಗಳ ಮೇಲಿನ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಬಳಿ ಹೋಗುತ್ತೇವೆ ಎಂದೂ ಬರೆದೆವು.

ಕಂಪನಿ ಒಪ್ಪಿತು. ಪಾಲಿಸಿಯಲ್ಲಿ ನಮೂದಾಗಿದ್ದ ಕಾರಿನ ಬೆಲೆ, ಅಂದರೆ ಐಡಿವಿ, ಪೂರ್ತಿ ಬಂತು. 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ಕಳೆಯುವ 1000 ರೂಪಾಯಿ ಮಾತ್ರ ಹೋಯಿತು.

ಇಷ್ಟಾದರೂ ಮನೆಯವರು ಖುಷಿಯಾಗಲಿಲ್ಲ. ಹಿಂದಿನ ವರ್ಷ ಪಾಲಿಸಿ ನವೀಕರಿಸುವಾಗ ಪ್ರೀಮಿಯಂ ಕಡಿಮೆಯಾಗಲಿ ಅಂತ ಐಡಿವಿಯನ್ನು ಸಾಧ್ಯವಾದಷ್ಟು ಕೆಳಗೆ ಇಳಿಸಿದ್ದರು. ಉಳಿದದ್ದು ಕೆಲವು ನೂರು ರೂಪಾಯಿ. ಕ್ಲೇಮಿನಲ್ಲಿ ಹೋದದ್ದು ಹತ್ತಾರು ಸಾವಿರ. ಸವಕಳಿ ಮೊದಲೇ ಇದೆ. ನಾಲ್ಕು ವರ್ಷ ದಾಟಿದ ಕಾರಿಗೆ ಶೇಕಡಾ 50 ಕಳೆಯುತ್ತಾರೆ. ಅದರ ಮೇಲೆ ನಾವೂ ಇಳಿಸಿದರೆ? ಕ್ಲೇಮು ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ನೋ ಕ್ಲೇಮ್ ಬೋನಸ್ಸೂ ಸೊನ್ನೆಗೆ ಬಂತು.

ಹೊಸ ಕಾರು, ಬಿಸ್ಕತ್ ಡಬ್ಬಿ

ಈಗ ಬಂದಿರುವುದು ಬಟನ್ ಸ್ಟಾರ್ಟ್ ಕಾರು. ಕೀ ಜೇಬಿನಲ್ಲಿದ್ದರೆ ಸಾಕು. ಕಾರು ಹತ್ತಿರದ ಒಂದೆರಡು ಮೀಟರ್‌ಗೆ ಮಾತ್ರ ಕೇಳುವಂಥ ಸಣ್ಣ ಸಂಕೇತ ಕಳಿಸುತ್ತದೆ, ಕೀ ಉತ್ತರ ಕೊಡುತ್ತದೆ. ಕಳ್ಳರು ಜೋಡಿಯಾಗಿ ಬಂದು, ಒಬ್ಬ ಕಾರಿನ ಪಕ್ಕ, ಇನ್ನೊಬ್ಬ ಕೀ ಇರುವ ಕೋಣೆಯ ಗೋಡೆ ಪಕ್ಕ ಉಪಕರಣ ಹಿಡಿದು ನಿಂತರೆ ಈ ಮಾತುಕತೆ ದೂರಕ್ಕೂ ದಾಟುತ್ತದೆ. ಕೀ ಪಕ್ಕದಲ್ಲೇ ಇದೆ ಅಂದುಕೊಂಡು ಕಾರು ಬಾಗಿಲು ತೆಗೆಯುತ್ತದೆ, ಸ್ಟಾರ್ಟ್ ಆಗುತ್ತದೆ. ಓಡುತ್ತಿರುವಾಗ ಕೀ ದೂರವಾದರೂ ಸಾಮಾನ್ಯವಾಗಿ ಎಂಜಿನ್ ನಿಲ್ಲುವುದಿಲ್ಲ. ನಡುರಸ್ತೆಯಲ್ಲಿ ನಿಂತರೆ ಅಪಾಯ ಅಂತ ಹಾಗೆ ಮಾಡಿರುತ್ತಾರೆ. ಇದಕ್ಕೆ ಕೊಕ್ಕೆ ಕೋಲೂ ಬೇಡ ಅಂತ ಯಜಮಾನರಿಗೆ ಹೇಳಿದಾಗ ಅವರ ಮುಖ ನೋಡಬೇಕಿತ್ತು.

ಉಪಾಯ ದುಬಾರಿಯದ್ದಲ್ಲ. ಮುಚ್ಚಳ ಬಿಗಿಯಾಗಿ ಕೂರುವ ತಗಡಿನ ಬಿಸ್ಕತ್ ಡಬ್ಬಿ ಸಾಕಾಗಬಹುದು. ಆದರೆ ನಂಬುವ ಮೊದಲು ಪರೀಕ್ಷೆ ಮಾಡಬೇಕು. ಕೀ ಡಬ್ಬಿಯಲ್ಲಿಟ್ಟು ಮುಚ್ಚಿ, ಕಾರಿನ ಬಾಗಿಲಿಗೆ ತಾಗಿಸಿ ಹಿಡಿದು ಹಿಡಿ ಎಳೆಯಿರಿ. ತೆರೆದುಕೊಂಡರೆ ಡಬ್ಬಿ ಬೇರೆ ಹುಡುಕಿ. ಇವರ ಮನೆಯ ಮೊದಲ ಡಬ್ಬಿ ಸೋತಿತು, ಮುಚ್ಚಳ ಸಡಿಲವಿತ್ತು. ಎರಡನೆಯದು ಗೆದ್ದಿತು. ಅದು ಈಗ ಮಲಗುವ ಕೋಣೆಯ ಬೀರುವಿನಲ್ಲಿದೆ. ಎರಡನೇ ಕೀಯೂ ಅಲ್ಲೇ, ಬೇರೆ ಡಬ್ಬಿಯಲ್ಲಿ.

ಸ್ಟೇರಿಂಗ್‌ಗೆ ಹಾಕುವ ಹಳದಿ ಕಬ್ಬಿಣದ ಲಾಕನ್ನೂ ತಂದರು. ನನ್ನ ಮಟ್ಟಿಗೆ ಇದೇ ಒಳ್ಳೆಯ ಖರ್ಚು. ಕತ್ತರಿಸಲು ಆಗದ ವಸ್ತುವೇನಲ್ಲ, ಆದರೆ ಹೊತ್ತು ಹಿಡಿಯುತ್ತದೆ, ಸದ್ದಾಗುತ್ತದೆ, ಮತ್ತು ಗಾಜಿನಾಚೆಯಿಂದಲೇ ಕಾಣುತ್ತದೆ. ವಾಹನ ಪರೀಕ್ಷೆ ಮಾಡುವ ಸಂಸ್ಥೆ ಎಆರ್‌ಎಐ ಒಪ್ಪಿದ ಕಳ್ಳತನ ತಡೆ ಉಪಕರಣಕ್ಕೆ, ನಮ್ಮ ಕಾರಿನ ಹಾನಿಗೆಂದು ಕಟ್ಟುವ ಪ್ರೀಮಿಯಂನಲ್ಲಿ ಶೇಕಡಾ 2.5 ರಿಯಾಯಿತಿ ಇದೆ, ಆದರೆ 500 ರೂಪಾಯಿ ಮೀರುವಂತಿಲ್ಲ. ಅದಕ್ಕಾಗಿಯೇ ಕೊಳ್ಳುವಷ್ಟು ದೊಡ್ಡ ಮೊತ್ತವಲ್ಲ ಬಿಡಿ. ಮಗ ಜಿಪಿಎಸ್ ಟ್ರ್ಯಾಕರ್ ಹಾಕಿಸಿದ್ದಾನೆ. ಅದು ಜಾಗ ಹೇಳುವುದು ಮೊಬೈಲ್ ನೆಟ್‌ವರ್ಕ್ ಮೂಲಕ. ಆಗುಂಬೆ ಕಾಡಿನ ನಡುವೆ ನೆಟ್‌ವರ್ಕ್ ಇಲ್ಲದ ಕಡೆ ಅದೂ ಸುಮ್ಮನಾಗುತ್ತದೆ. ಒಳ್ಳೆಯ ಟ್ರ್ಯಾಕರ್ ಆದರೆ ದಾರಿಯನ್ನು ಒಳಗೇ ಬರೆದಿಟ್ಟುಕೊಂಡು ಸಿಗ್ನಲ್ ಸಿಕ್ಕಾಗ ಕಳಿಸುತ್ತದೆ. ಕೊಳ್ಳುವಾಗ ಇದನ್ನು ಕೇಳಿ ಕೊಳ್ಳಬೇಕು.

ಕ್ಯಾಮೆರಾ ಈಗ ಎರಡಿವೆ. ಅಡಿಕೆಯ ಕ್ಯಾಮೆರಾ ಅಡಿಕೆಯ ಮೇಲೇ ಇದೆ, ಇನ್ನೊಂದು ಉಣುಗೋಲಿನ ಕಡೆ.

ಈ ಸುದ್ದಿ ಹಬ್ಬಿದ ಮೇಲೆ ಪಕ್ಕದ ಊರಿನವರೊಬ್ಬರು ಬಂದಿದ್ದರು. ಎಳ್ಳಮಾವಾಸ್ಯೆ ಜಾತ್ರೆಗೆ ತೀರ್ಥಹಳ್ಳಿಗೆ ಹೋಗಿ, ಬಟ್ಟೆಯನ್ನು ಬಂಡೆ ಮೇಲಿಟ್ಟು ತುಂಗೆಯಲ್ಲಿ ಮುಳುಗಿ ಎದ್ದು ಬರುವಷ್ಟರಲ್ಲಿ ಪ್ಯಾಂಟಿನ ಜೇಬಿನ ಕೀ ಮಾಯ. ಕಾರು ಮಾತ್ರ ನಿಲ್ಲಿಸಿದಲ್ಲೇ ಇತ್ತು. ಮನೆಯಿಂದ ಎರಡನೇ ಕೀ ತರಿಸಿ ಓಡಿಸಿಕೊಂಡು ಬಂದರಂತೆ. “ಕಾರು ಇದೆಯಲ್ಲ, ಇನ್ನೇನು ತೊಂದರೆ ಮಾರಾಯ್ರೆ?” ಅಂದರು. ಕೀ ನೀರಿಗೆ ಬಿತ್ತೋ, ಯಾರ ಜೇಬಿಗೆ ಹೋಯಿತೋ ಅವರಿಗೆ ಗೊತ್ತಿಲ್ಲ. ಕಾರಿನ ನಂಬರ್ ನೋಡಿಟ್ಟುಕೊಂಡವನು ಆರು ತಿಂಗಳಾದ ಮೇಲೂ ಬರಬಹುದಲ್ವಾ? ಮೊದಲು ಠಾಣೆಯಲ್ಲಿ ಕೀ ಕಳೆದದ್ದಕ್ಕೆ ದೂರು ಕೊಡಿ, ಪಾಲಿಸಿಯಲ್ಲಿ ಕೀ ಬದಲಾವಣೆಯ ಹೆಚ್ಚುವರಿ ರಕ್ಷಣೆ ಇದೆಯಾ ನೋಡಿ, ಆಮೇಲೆ ಕಾರನ್ನೂ ಉಳಿದ ಕೀಯನ್ನೂ ಶೋರೂಮಿಗೆ ಒಯ್ದು ಕಳೆದ ಕೀಯ ಗುರುತನ್ನು ಕಾರಿನ ಕಂಪ್ಯೂಟರಿನಿಂದ ಅಳಿಸಿಸಿ ಎಂದೆ. ಅಳಿಸಿದ ಮೇಲೆ ಆ ಕೀ ಬಾಗಿಲಿನ ಬೀಗ ತಿರುಗಿಸಬಹುದು, ಎಂಜಿನ್ ಹತ್ತಿಸಲಾರದು. ಬೀಗವನ್ನೂ ಬದಲಿಸುವುದು ಅವರವರ ಜೇಬಿಗೆ ಬಿಟ್ಟದ್ದು. ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಒಂದೇ ಕೀ ಪಡೆದವರಿಗೂ ನಾನು ಹೇಳುವುದು ಇದನ್ನೇ. ಆ ಪಕ್ಕದ ಊರಿನವರು ಮುಂದಿನ ವಾರ ಶಿವಮೊಗ್ಗಕ್ಕೆ ಹೋಗಿ ಅಳಿಸಿಕೊಂಡು ಬಂದರು, ದೂರಿನ ಪ್ರತಿಯನ್ನು ನನ್ನ ಹತ್ತಿರ ಜೆರಾಕ್ಸ್ ಮಾಡಿಸಿ ಪಾಲಿಸಿ ಜೊತೆ ಪಿನ್ ಹಾಕಿಟ್ಟುಕೊಂಡರು.